ರಾಶಿಯ ವ್ಯಾಖ್ಯಾನ ಓದಲು ಹೊರಟ ಮಗಳಿಗೆ

ಚಿ. ಮಗಳೇ,

ದೊಡ್ಡಪ್ಪನ ಆಶೀರ್ವಾದಗಳು. ಹೀಬ್ರೂ ಕೂಡಿಸಿ ಓದಲು ಬಂತು, ಇನ್ನು ಯೆಹೂದಿ ಪಂಡಿತ ರಾಶಿ ತೋರಾಕ್ಕೆ, ಅಂದರೆ ಯೆಹೂದಿ ಧರ್ಮಗ್ರಂಥದ ಮೊದಲ ಐದು ಪುಸ್ತಕಗಳಿಗೆ, ಬರೆದ ವ್ಯಾಖ್ಯಾನಕ್ಕೆ ಕೈಹಾಕುತ್ತೇನೆ ಎಂದು ಬರೆದಿದ್ದೀಯ. ಬಹಳ ಸಂತೋಷ. ಒಂದು ಮಾತು ಮನಸ್ಸಿನಲ್ಲಿಡು: ಅವರ ಉತ್ತರ ಓದುವ ಮೊದಲು ಅವರಿಗೆ ಎದ್ದ ಪ್ರಶ್ನೆ ಯಾವುದೆಂದು ಹುಡುಕು. ಎಷ್ಟೋ ಕಡೆ ಅವರು ಪ್ರಶ್ನೆಯನ್ನು ಬರೆಯುವುದೇ ಇಲ್ಲ.

ರಬ್ಬಿ ಶ್ಲೋಮೊ ಯಿತ್ಸ್‌ಹಾಕಿ ಎಂಬ ಹೆಸರಿನ ಮೊದಲಕ್ಷರಗಳೇ ರಾಶಿ. 1040ರ ಸುಮಾರಿಗೆ ಫ್ರಾನ್ಸಿನ ತ್ರುವಾದಲ್ಲಿ ಹುಟ್ಟಿ, ರೈನ್ ತೀರದ ಮೈಂಟ್ಸ್, ವರ್ಮ್ಸ್ ಊರುಗಳಲ್ಲಿ ಓದಿ, ತ್ರುವಾಕ್ಕೆ ಮರಳಿ ಪಾಠಶಾಲೆ ನಡೆಸಿದರು. 1105ರಲ್ಲಿ ತೀರಿಕೊಂಡರು. 1096ರಲ್ಲಿ ಮೊದಲ ಕ್ರುಸೇಡಿನ, ಅಂದರೆ ಕ್ರೈಸ್ತರ ಧರ್ಮಯುದ್ಧದ, ಗುಂಪುಗಳು ಅವರು ಓದಿದ ಆ ಎರಡೂ ಊರುಗಳ ಯೆಹೂದಿಗಳನ್ನು ಕೊಂದವು. ಅಲ್ಲಿಯ ಪಾಠಕ್ರಮ ಮುಂದಿನ ತಲೆಮಾರಿಗೆ ದಾಟಿದ್ದರಲ್ಲಿ ತ್ರುವಾದ ಪಾಲು ದೊಡ್ಡದು.

ಓದುವ ಕ್ರಮ ಹೀಗಿರಲಿ. ಮೊದಲು ಮೂಲದ ವಚನವನ್ನಷ್ಟೇ ಎರಡು ಸಲ ಓದು. ಹೆಚ್ಚಾಗಿ ಕಂಡ ಪದ, ಮತ್ತೆ ಬಂದ ಮಾತು, ತಪ್ಪಿದಂತಿರುವ ವ್ಯಾಕರಣ, ಎಲ್ಲವನ್ನೂ ಗುರುತು ಹಾಕಿಕೊ. ಆಮೇಲೆ ರಾಶಿ ಎತ್ತಿಕೊಂಡ ಪ್ರತೀಕವನ್ನು, ಅಂದರೆ ವಿವರಿಸಲು ವಚನದಿಂದ ಆರಿಸಿದ ಪದಗಳನ್ನು, ನೋಡು. ತೊಡಕು ಸಾಮಾನ್ಯವಾಗಿ ಆ ಎರಡು ಮೂರು ಪದಗಳಲ್ಲೇ ಇರುತ್ತದೆ.

ತೋರಾದ ಮೊದಲ ಪುಸ್ತಕವಾದ ಆದಿಕಾಂಡದ 11:28 ತೆಗೆದುಕೊ. ಹಾರಾನನು ತಂದೆ ತೆರಹನ ‘ಮುಖದ ಮುಂದೆ’ ಸತ್ತನು ಎಂದಿದೆ. ತಂದೆ ಬದುಕಿದ್ದಾಗಲೇ ಎಂದು ರಾಶಿ ನೇರ ಅರ್ಥ ಹೇಳುತ್ತಾರೆ. ಮರುಕ್ಷಣವೇ ಮಿದ್ರಾಶ್, ಅಂದರೆ ಹಳೆಯ ರಬ್ಬಿಗಳ ಕಥೆ-ವಿವರಣೆ, ತರುತ್ತಾರೆ: ತಂದೆಯ ದೆಸೆಯಿಂದಲೇ ಸತ್ತನು, ಇನ್ನೊಬ್ಬ ಮಗ ಅಬ್ರಾಮ ವಿಗ್ರಹಗಳನ್ನು ಒಡೆದನೆಂದು ತೆರಹ ರಾಜ ನಿಮ್ರೋದನಿಗೆ ದೂರು ಕೊಟ್ಟ, ನಿಮ್ರೋದ ಅಬ್ರಾಮನನ್ನು ಬೆಂಕಿಗೆ ಹಾಕಿಸಿದ, ಅದರಿಂದ ಮಗ ಹಾರಾನನೂ ಬೆಂಕಿಗೆ ಬಿದ್ದ. ವಿಗ್ರಹ ಒಡೆದ ಕಥೆ ತೋರಾದಲ್ಲೇ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲ, ಮಗಳೇ. ಹೊಸಬರು ಎಡವುವುದು ಇಲ್ಲಿಯೇ. ಯಾವುದು ಪ್ಶಾತ್, ಅಂದರೆ ನೇರ ಅರ್ಥ, ಯಾವುದು ಮಿದ್ರಾಶ್ ಎಂದು ಅಂಚಿನಲ್ಲಿ ಬೇರೆ ಬೇರೆ ಗುರುತು ಹಾಕು. ತಮ್ಮ ಕೆಲಸ ಪ್ಶಾತ್ ಹೇಳುವುದು, ವಚನದ ಮಾತಿಗೆ ಹೊಂದುವ ಅಗ್ಗಾದಾ, ಅಂದರೆ ರಬ್ಬಿಗಳ ಕಥೆಗಳನ್ನು, ತರುವುದು ಎಂದು ಅವರೇ 3:8ರಲ್ಲಿ ಹೇಳಿದ್ದಾರೆ.

28:5ರಲ್ಲಿ ರೆಬೆಕ್ಕಳನ್ನು ‘ಯಾಕೋಬ ಏಸಾವರ ತಾಯಿ’ ಎಂದಿದೆ. ಓದುಗರಿಗೆ ಆಗಲೇ ಗೊತ್ತಿರುವ ಸಂಗತಿ. ಇದು ಏನನ್ನು ಕಲಿಸುತ್ತದೋ ನನಗೆ ತಿಳಿಯದು ಎಂದು ರಾಶಿ ಬರೆದುಬಿಟ್ಟರು. ಸುಮ್ಮನೆ ದಾಟಿಹೋಗಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ನನಗೆ ಅವರ ಮೇಲೆ ಅಪಾರ ಗೌರವ ಹುಟ್ಟಿಸುವ ಜಾಗ ಇದು.

ಅಚ್ಚಿನ ‘ರಾಶಿ ಲಿಪಿ’ಯನ್ನು ಅವರು ಬರೆದದ್ದಲ್ಲ, ಮುದ್ರಕರು ಸೆಫಾರ್ದಿ, ಅಂದರೆ ಸ್ಪೇನ್ ಮೂಲದ ಯೆಹೂದಿಗಳ, ಕೈಬರಹದಿಂದ ಮಾಡಿಕೊಂಡ ಅಚ್ಚು. ಇಟಲಿಯ ರೆಜ್ಜೊ ಕಲಾಬ್ರಿಯಾದಲ್ಲಿ 1475ರಲ್ಲಿ ಮುದ್ರಣವಾದ ಅವರ ತೋರಾ ವ್ಯಾಖ್ಯಾನವೇ ಇಸವಿ ನಮೂದಾದ ಮೊದಲ ಹೀಬ್ರೂ ಅಚ್ಚು ಪುಸ್ತಕ. ಈ ಲಿಪಿಯಲ್ಲಿ ಸಾಮೆಖ್ ಮತ್ತು ಪದಾಂತ್ಯದ ಮೇಮ್ ಎಂಬ ಅಕ್ಷರಗಳು ಒಂದೇ ತರಹ ಕಾಣುತ್ತವೆ, ಮೊದಲು ಅವೆರಡನ್ನು ಬೇರ್ಪಡಿಸಲು ಕಲಿ. ನಡುವೆ ಅರ್ಥವಾಗದ ಪದ ಬಂದರೆ ನಿಘಂಟಿಗೆ ಓಡಬೇಡ. ಅದು ಹೀಬ್ರೂ ಅಕ್ಷರದಲ್ಲಿ ಬರೆದ ಹಳೆಯ ಫ್ರೆಂಚ್ ಇರಬಹುದು.

ರಬ್ಬಿಗಳ ಧರ್ಮಚರ್ಚೆಗಳ ಸಂಗ್ರಹವಾದ ತಲ್ಮೂದಿಗೆ ಈಗಲೇ ಹೋಗಬೇಡ. ಆದಿಕಾಂಡ ಮುಗಿಯಲಿ. ಆಮೇಲೆ 37:2ಕ್ಕೆ ಅವರ ಮೊಮ್ಮಗ ರಶ್ಬಾಮ್ ಬರೆದದ್ದನ್ನು ಓದು. ಸಮಯವಿದ್ದಿದ್ದರೆ ದಿನದಿನವೂ ಹೊಸದಾಗಿ ಹೊಳೆಯುವ ನೇರ ಅರ್ಥಗಳಂತೆ ಬೇರೆ ವ್ಯಾಖ್ಯಾನ ಬರೆಯುತ್ತಿದ್ದೆ ಎಂದು ತಾತ ತನ್ನೆದುರು ಒಪ್ಪಿಕೊಂಡರೆಂದು ಆತ ದಾಖಲಿಸಿದ್ದಾನೆ.

ಇಂತಿ ನಿನ್ನ ದೊಡ್ಡಪ್ಪ