ರೆಕ್ಕೆ ಅಲ್ಲಾಡಿಸುತ್ತಿದ್ದ ಮಾಮ

ಪ್ರೀತಿಯ ಗೆಳೆಯಾ,

ಫೋನ್ ಮಾಡೋಣ ಅಂತಲೇ ಇದ್ದೆ, ಆದರೆ ಇದನ್ನು ಬರೆದೇ ಹೇಳಬೇಕು ಅನ್ನಿಸಿತು. ಬರ್ಲಿನ್ ಮಕ್ಕಳಿಗೆ ವಿಮಾನದಿಂದ ಮಿಠಾಯಿ ಹಾಕಿದ ಅಮೆರಿಕದ ಪೈಲಟ್ ಗೇಲ್ ಹಾಲ್ವರ್ಸನ್ ತೀರಿಕೊಂಡರು ಕಣೋ. 2022ರ ಫೆಬ್ರವರಿ 16ರಂದು, ಅಮೆರಿಕದ ಯೂಟಾದಲ್ಲಿ. 101 ವರ್ಷ ಆಗಿತ್ತು. ತುಂಬು ಬದುಕು, ನಿಜ. ಆದರೂ ಸುದ್ದಿ ಓದಿದಾಗ ನಮ್ಮನೆಯ ಹಿರಿಯರೊಬ್ಬರು ಹೋದ ಹಾಗೇ ಆಯಿತು.

ನೆನಪಿದೆಯಾ, ಊರಲ್ಲಿ ವಿಮಾನದ ಸದ್ದು ಕೇಳಿದರೆ ಸಾಕು, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಅಂಗಳಕ್ಕೆ ಓಡಿ ಟಾಟಾ ಮಾಡುತ್ತಿದ್ದೆವು. ಮೇಲಿರುವವರಿಗೆ ನೀವೆಲ್ಲಿ ಕಾಣ್ತೀರೋ ಅಂತ ನಿಮ್ಮಣ್ಣ ರೇಗಿಸುತ್ತಿದ್ದ. ಈ ಪೈಲಟ್‌ಗೆ ಮಕ್ಕಳು ಕಂಡಿದ್ದರು.

1948ರ ಜೂನ್‌ನಲ್ಲಿ ಸೋವಿಯತ್‌ನವರು, ಎರಡನೇ ಮಹಾಯುದ್ಧದ ಮೇಲೆ ಅಮೆರಿಕ, ಬ್ರಿಟನ್, ಫ್ರಾನ್ಸ್ ಕೈಯಲ್ಲಿದ್ದ ಪಶ್ಚಿಮ ಬರ್ಲಿನ್‌ಗೆ ಬರುವ ರಸ್ತೆ, ರೈಲು, ಕಾಲುವೆ ಎಲ್ಲ ಮುಚ್ಚಿಬಿಟ್ಟರು. ಒಳಗೆ 20 ಲಕ್ಷಕ್ಕೂ ಜಾಸ್ತಿ ಜನ. ತೆರೆದಿದ್ದು ಆಕಾಶ ಒಂದೇ. ಅಮೆರಿಕ, ಬ್ರಿಟನ್ ವಿಮಾನಗಳು ಹಿಟ್ಟು, ಒಣಗಿಸಿದ ಆಲೂಗಡ್ಡೆ, ಎಲ್ಲಕ್ಕಿಂತ ಜಾಸ್ತಿ ಕಲ್ಲಿದ್ದಲು ಹೊತ್ತು ತಂದವು. ಒಂದು ವರ್ಷದ ಮೇಲೆ ಮೂರು ತಿಂಗಳು ನಡೆದ ಆ ಕೆಲಸದಲ್ಲಿ ಬಂದಿಳಿದದ್ದು 23 ಲಕ್ಷ ಟನ್‌ನಷ್ಟು ಸಾಮಾನು. ಮೂರೇ ವರ್ಷದ ಹಿಂದೆ ಇದೇ ಊರಿನ ಮೇಲೆ ಬಾಂಬ್ ಹಾಕಿದವರು ಈಗ ಹಿಟ್ಟಿನ ಮೂಟೆ ತರುತ್ತಿದ್ದರು.

ಆ ಪೈಲಟ್‌ಗಳಲ್ಲಿ ಹಾಲ್ವರ್ಸನ್ ಒಬ್ಬರು. ಆಗ 27 ವರ್ಷ. ಜುಲೈನಲ್ಲಿ ಒಂದು ದಿನ ಬಿಡುವು ಸಿಕ್ಕಾಗ ಕ್ಯಾಮೆರಾ ಹಿಡಿದು ಟೆಂಪೆಲ್‌ಹೋಫ್ ವಿಮಾನ ನಿಲ್ದಾಣ ನೋಡಲು ಬಂದರು. ಮುಳ್ಳುತಂತಿ ಬೇಲಿಯ ಆಚೆ ಸುಮಾರು 30 ಮಕ್ಕಳು ನಿಂತಿದ್ದರು. ಮಾತಾಡಿದರು, ವಿಮಾನದ ಬಗ್ಗೆ ಕೇಳಿದರು, ಹಿಟ್ಟಿನ ಬಗ್ಗೆ ಕೇಳಿದರು. ತಿನ್ನಲು ಏನಾದರೂ ಕೊಡಿ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಬೇರೆ ದೇಶಗಳಲ್ಲಿ ಸೈನಿಕರನ್ನು ಕಂಡರೆ ಮಕ್ಕಳು ಮುತ್ತಿಕೊಂಡು ಕೇಳುವುದನ್ನು ಅವರು ನೋಡಿದ್ದರು. ಇಲ್ಲಿ ತಿಂಗಳುಗಟ್ಟಲೆ ಸಿಹಿ ಕಾಣದ ಮಕ್ಕಳು ಸುಮ್ನೆ ನಿಂತಿದ್ದವು. ಹೊರಟು ನಾಲ್ಕು ಹೆಜ್ಜೆ ಹೋದವರು ಅದಕ್ಕೇ ವಾಪಸ್ ಬಂದರು.

ಜೇಬಲ್ಲಿ ಇದ್ದದ್ದು ಎರಡೇ ಚೂಯಿಂಗ್ ಗಮ್. ಮುರಿದು ನಾಲ್ಕು ತುಂಡು ಮಾಡಿ ತಂತಿಯ ನಡುವೆ ಕೊಟ್ಟರು. ಕಿತ್ತಾಟ ಇಲ್ಲ, ನೂಕಾಟ ಇಲ್ಲ. ಸಿಗದವರು ಸುತ್ತಿದ್ದ ಕಾಗದವನ್ನೇ ಕೇಳಿ, ಚೂರು ಚೂರು ಹರಿದು ಹಂಚಿಕೊಂಡು, ಮೂಗಿಗೆ ಹಿಡಿದು ಮೂಸಿದರು. ಮೂಸಿ ಕಣ್ಣರಳಿಸಿದರು. ನಾನು ಇದನ್ನು ಎಷ್ಟು ಸಲ ಓದಿದ್ದರೂ ಇಲ್ಲಿಗೆ ಬಂದಾಗ ಗಂಟಲು ಕಟ್ಟುತ್ತದೆ.

ವಿಮಾನದಿಂದ ಮಿಠಾಯಿ ಹಾಕುತ್ತೇನೆ, ಎಲ್ಲರೂ ಹಂಚಿಕೊಳ್ಳಬೇಕು ಅಂದರು. ಇಷ್ಟು ವಿಮಾನಗಳಲ್ಲಿ ನಿಮ್ಮದು ಯಾವುದು ಅಂತ ಹೇಗೆ ಗೊತ್ತಾಗಬೇಕು ಅಂತ ಒಂದು ಮಗು ಕೇಳಿತು. ರೆಕ್ಕೆ ಅಲ್ಲಾಡಿಸುತ್ತೇನೆ ಅಂದರು. ಹಾರಲು ಕಲಿತ ಹೊಸತರಲ್ಲಿ ಅಪ್ಪ ಅಮ್ಮನ ಹೊಲದ ಮೇಲೆ ಹೋಗಿ ಹಾಗೆ ಮಾಡಿದ್ದರಂತೆ. ಜೊತೆಯವರ ಪಾಲಿನ ಚಾಕೊಲೇಟನ್ನೂ ಸೇರಿಸಿ, ಮೂರು ಕರ್ಚೀಫುಗಳಿಗೆ ದಾರ ಕಟ್ಟಿ ಪುಟ್ಟ ಪ್ಯಾರಾಚೂಟ್ ಮಾಡಿ ಇಳಿಬಿಟ್ಟರು. ಮೇಲಿನವರ ಅನುಮತಿ ಇರಲಿಲ್ಲ. ಒಂದು ಮಿಠಾಯಿ ಪತ್ರಕರ್ತರೊಬ್ಬರ ತಲೆಯ ಹತ್ತಿರವೇ ಬಿದ್ದು ವಿಷಯ ಹೊರಬಂತು, ಕರ್ನಲ್ ಕರೆದು ಚೆನ್ನಾಗಿ ಬೈದರು. ಆದರೆ ಈ ಇಡೀ ಸಾಗಾಟದ ಮುಖ್ಯಸ್ಥ ಜನರಲ್ ಟನ್ನರ್ ಮುಂದುವರಿಸು ಅಂದರು. ಆಮೇಲೆ ಬೇರೆ ಪೈಲಟ್‌ಗಳೂ ಸೇರಿದರು, ಅಮೆರಿಕದ ಮಕ್ಕಳು ಕರ್ಚೀಫು, ಮಿಠಾಯಿ ಕಳಿಸಿದರು. ಕೊನೆಗೆ ಸುಮಾರು 23 ಟನ್ ಸಿಹಿ ನಾನೀಗ ಇರುವ ಈ ಊರಿನ ಮೇಲೆ ಇಳಿಯಿತು. ಮಕ್ಕಳು ಅವರಿಗೆ ಇಟ್ಟ ಹೆಸರು, ರೆಕ್ಕೆ ಅಲ್ಲಾಡಿಸುವ ಮಾಮ.

ನನಗೆ ಜಾಸ್ತಿ ಇಷ್ಟವಾಗುವುದು ಏಳು ವರ್ಷದ ಹುಡುಗಿಯೊಬ್ಬಳ ಕಾಗದ. ನಿಮ್ಮ ವಿಮಾನಗಳ ಸದ್ದಿಗೆ ನಮ್ಮ ಬಿಳಿ ಕೋಳಿಗಳು ಹೆದರುತ್ತವೆ, ಆದರೂ ಪರವಾಗಿಲ್ಲ, ಬಿಳಿ ಕೋಳಿ ಕಂಡ ಕಡೆ ಮಿಠಾಯಿ ಹಾಕಿ ಅಂತ ಬರೆದಿದ್ದಳು. ಹಾಲ್ವರ್ಸನ್‌ಗೆ ಮೇಲಿನಿಂದ ಆ ಕೋಳಿಗಳು ಕಾಣಲೇ ಇಲ್ಲ. ಅಂಚೆಯಲ್ಲಿ ಕಾಗದ ಬರೆದು ಸಿಹಿ ಕಳಿಸಿದರು. 1970ರ ದಶಕದಲ್ಲಿ ಅವರೇ ಟೆಂಪೆಲ್‌ಹೋಫ್‌ನ ಕಮಾಂಡರ್ ಆಗಿ ವಾಪಸ್ ಬಂದಾಗ ಆಕೆ ಮನೆಗೆ ಊಟಕ್ಕೆ ಕರೆದು, ಜೋಪಾನವಾಗಿ ಇಟ್ಟಿದ್ದ ಆ ಕಾಗದವನ್ನು ಅವರ ಕೈಗೇ ಕೊಟ್ಟು ತೋರಿಸಿದರಂತೆ. ಕೊನೆಯವರೆಗೂ ಎರಡು ಮನೆಯವರಿಗೂ ಬಳಕೆ ಇತ್ತು.

ನಿನ್ನೆ ಕೆಲಸ ಮುಗಿಸಿ ಟೆಂಪೆಲ್‌ಹೋಫ್‌ಗೆ ಹೋಗಿದ್ದೆ. ನಿಲ್ದಾಣ 2008ರಲ್ಲೇ ಮುಚ್ಚಿತು, ಈಗ ಅದು ದೊಡ್ಡ ಬಯಲು, ರನ್‌ವೇ ಮೇಲೆ ಜನ ಸೈಕಲ್ ಹೊಡೆಯುತ್ತಾರೆ, ಗಾಳಿಪಟ ಹಾರಿಸುತ್ತಾರೆ. ಎದುರಿಗಿರುವ ಸ್ಮಾರಕದ ಬುಡದಲ್ಲಿ ಆ ಹಾರಾಟಗಳಲ್ಲಿ ಸತ್ತವರ ಹೆಸರುಗಳಿವೆ, ಅವನ್ನೂ ಓದಿದೆ. ಬರುವಾಗ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಚೂಯಿಂಗ್ ಗಮ್ ಕೊಂಡು, ರೈಲಲ್ಲಿ ಕೂತು ಅದರ ಕಾಗದ ಬಿಚ್ಚಿ ಮೂಸಿ ನೋಡಿದೆ. ಪುದೀನ ವಾಸನೆ ತುಂಬ ಹೊತ್ತು ಕೈಯಲ್ಲೇ ಇತ್ತು.

ಬೇಸಿಗೆ ರಜೆಗೆ ಬರ್ತೀನಿ ಅಂದಿದ್ದೆಯಲ್ಲ, ಮಗಳನ್ನೂ ಕರ್ಕೊಂಡು ಬಾ. ಆ ಬೇಲಿ ಇದ್ದ ಕಡೆ ಹೋಗೋಣ.

ನಿನ್ನ ಗೆಳೆಯ