ಡಿಪಿಎಫ್ ಲೈಟು ಬಂದ ಗಾಡಿಗೆ ಇನ್ನು ಮೊದಲು ತಪಾಸಣೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಗ್ಯಾರೇಜಿನಲ್ಲಿ ಒಂದು ಪದ್ಧತಿ ಬದಲಾಗುತ್ತಿದೆ. ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟು ಬಂದಿದೆ ಎಂದು ಡೀಸೆಲ್ ಕಾರು ತಂದರೆ ನಿಂತ ಕಾಲಲ್ಲೇ ಸ್ಕ್ಯಾನರ್ ಹಾಕಿ ರೀಜೆನ್, ಅಂದರೆ ಆ ಮಸಿ ಸುಡುವ ಕೆಲಸ, ಮಾಡಿಕೊಡುತ್ತಿದ್ದೆವಲ್ಲ, ಅದನ್ನು ನಿಲ್ಲಿಸುತ್ತಿದ್ದೇವೆ. ಮೊದಲು ತಪಾಸಣೆ, ಉಳಿದದ್ದು ಆಮೇಲೆ. ಗಾಡಿಯನ್ನು ಅರ್ಧ ದಿನ ಬಿಟ್ಟುಹೋಗಬೇಕು. ತಪಾಸಣೆಗೆ 1,200 ರೂಪಾಯಿ ಬೇರೆಯಾಗಿ ಬಿಲ್ಲಾಗುತ್ತದೆ. ರಿಪೇರಿ ನಮ್ಮಲ್ಲೇ ಮಾಡಿಸಿದರೂ ಆ ಹಣವನ್ನು ಬಿಲ್ಲಿನಲ್ಲಿ ಕಳೆಯುವುದಿಲ್ಲ.

"ಬರೀ ನೋಡೋಕೆ ದುಡ್ಡಾ ಅಣ್ಣಾ?" ಎಂದು ಈಗಾಗಲೇ ಇಬ್ಬರು ಕೇಳಿದ್ದಾರೆ. ಹೌದು, ನೋಡೋಕೇ ದುಡ್ಡು. ಯಾಕೆಂದು ತಿಳಿಸಬೇಕಾದರೆ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ನಮ್ಮ ಹಳೆಯ ಗ್ರಾಹಕರೊಬ್ಬರು, ಮೇಷ್ಟ್ರು. ಮನೆಯಿಂದ ಶಾಲೆಗೆ ಆರು ಕಿಲೋಮೀಟರ್, ಶಾಲೆಯಿಂದ ಮನೆಗೆ ಆರು. ಕಳೆದ ಮಳೆಗಾಲದಲ್ಲಿ ಮೀಟರಿನಲ್ಲಿ ಡಿಪಿಎಫ್ ಲೈಟು ಬಂತು ಎಂದು ಬಂದರು. ಸ್ಕ್ಯಾನರ್ ಪಿ2463 ತೋರಿಸಿತು, ಅಂದರೆ ಫಿಲ್ಟರಿನಲ್ಲಿ ಮಸಿ ಮಿತಿಮೀರಿದೆ. "ಊರೊಳಗಿನ ಓಡಾಟ ತಾನೇ, ಹಾಗೇ ಆಗೋದು" ಎಂದು ನಾವೇ ತೀರ್ಪು ಕೊಟ್ಟು, ಗಾಡಿಯನ್ನು ಶೆಡ್ಡಿನ ಹಿಂದೆ ನಿಲ್ಲಿಸಿ ರೀಜೆನ್ ಮಾಡಿ ಕಳಿಸಿದೆವು. ಇಪ್ಪತ್ತು ದಿನಕ್ಕೆ ಮತ್ತೆ ಬಂದರು, ಮತ್ತೆ ರೀಜೆನ್. ಮೂರನೇ ಸಲವೂ ಅದೇ. ನಾಲ್ಕನೇ ಸಲ ಬಂದಾಗ ನಮ್ಮ ಹುಡುಗ ಯಾಕೋ ಆಯಿಲ್ ಕಡ್ಡಿ ಎಳೆದು ನೋಡಿದ. ಆಯಿಲ್ ಮೇಲಿನ ಗೆರೆ ದಾಟಿತ್ತು, ಮೂಸಿದರೆ ಡೀಸೆಲ್ ವಾಸನೆ.

ಅವತ್ತು ಗಾಡಿಯನ್ನು ಸಂಜೆವರೆಗೂ ಬಿಡಲಿಲ್ಲ. ಲ್ಯಾಪ್‌ಟಾಪ್ ಹಿಡಿದುಕೊಂಡು ಬಿ.ಎಂ. ರಸ್ತೆಯಲ್ಲಿ ಓಡಿಸಿ ನೋಡಿದಾಗ ಅಸಲಿ ವಿಷಯ ಕಂಡಿತು. ಇಂಜಿನ್ ನೀರಿನ ಬಿಸಿ 65 ಡಿಗ್ರಿ ದಾಟುತ್ತಲೇ ಇರಲಿಲ್ಲ. ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ತೆರೆದೇ ಉಳಿದಿತ್ತು. ಇಂಜಿನ್ ಸರಿಯಾಗಿ ಬಿಸಿಯಾಗದೆ ಆ ಗಾಡಿಯ ಕಂಪ್ಯೂಟರು ತಾನಾಗಿ ಮಸಿ ಸುಡಲು ಹೊರಡುವುದಿಲ್ಲ. ನಾವು ನಿಂತಲ್ಲೇ ರೀಜೆನ್ ಮಾಡುವಾಗ ರೇಡಿಯೇಟರಿಗೆ ಎದುರುಗಾಳಿ ಇಲ್ಲ, ನೀರು ಹೇಗೋ ಬಿಸಿಯಾಗುತ್ತಿತ್ತು. ರಸ್ತೆಗಿಳಿದರೆ ತಣ್ಣಗಾಗುತ್ತಿತ್ತು. ಆದ್ದರಿಂದ ಶೆಡ್ಡಿನಲ್ಲಿ ನಿಂತು ನೋಡಿದ ನಮಗೆ ಅದು ಮೂರು ಸಲವೂ ಗೊತ್ತಾಗಲಿಲ್ಲ. ಆ ಗಾಡಿಯ ಮೀಟರಿನಲ್ಲಿ ಟೆಂಪರೇಚರ್ ಮುಳ್ಳೂ ಇಲ್ಲ, ಮೇಷ್ಟ್ರಿಗಾದರೂ ಹೇಗೆ ಗೊತ್ತಾಗಬೇಕು? ಥರ್ಮೋಸ್ಟಾಟ್ ಹಾಕಿ, ಆಯಿಲ್ ಬದಲಿಸಿ, ಮೂರು ಸಲದ ಕೂಲಿಯನ್ನು ವಾಪಸ್ ಕೊಟ್ಟೆವು. ಅವರು ಬೇಡವೆಂದರು, ನಾವು ಕೇಳಲಿಲ್ಲ. ಆಮೇಲೆ ಆ ಗಾಡಿ ಲೈಟಿನ ದೂರು ಹೊತ್ತು ಬಂದಿಲ್ಲ.

ಈಗ ಈ ಫಿಲ್ಟರಿನ ಬಗ್ಗೆ ಸ್ವಲ್ಪ. ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ದಾರಿಯಲ್ಲಿ ಒಂದು ಡಬ್ಬ. ಅದರೊಳಗೆ ಜೇನುಹುಟ್ಟಿನಂಥ ಪಿಂಗಾಣಿ ಗಟ್ಟಿ. ಒಂದು ಕೊಳವೆಯ ಮುಂದಿನ ಬಾಯಿ ಮುಚ್ಚಿದ್ದರೆ ಪಕ್ಕದ್ದರ ಹಿಂದಿನ ಬಾಯಿ ಮುಚ್ಚಿರುತ್ತದೆ. ಹೊಗೆ ನೇರ ಹೋಗಲಾರದೆ ಗೋಡೆಯೊಳಗಿಂದ ನುಸುಳಿಕೊಂಡು ಹೋಗಬೇಕು. ಮಸಿ ಗೋಡೆಗೆ ಅಂಟಿ ಉಳಿಯುತ್ತದೆ. ಸೌದೆ ಒಲೆ ಉರಿಸಿದ ಮನೆಯವರಿಗೆ ಅಟ್ಟದ ಇಲ್ಲಣ ಗೊತ್ತಿರುತ್ತದಲ್ಲ, ಹಾಗೆ. ಘಟ್ಟ ಹತ್ತುವಾಗ, ಹೈವೇಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಹೊಗೆಯ ಬಿಸಿಗೆ ಅದು ಅಷ್ಟಿಷ್ಟು ತಾನೇ ಉರಿಯುತ್ತದೆ. ಸಾಲದಿದ್ದರೆ ಕಂಪ್ಯೂಟರು ಒಂದಷ್ಟು ಹೆಚ್ಚುವರಿ ಡೀಸೆಲ್ ಬಿಟ್ಟು ಫಿಲ್ಟರನ್ನು 600 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಮಸಿ ಸುಡುತ್ತದೆ. ಅದೇ ರೀಜೆನ್. ಅದು ನಡೆಯುತ್ತಿರುವಾಗ ಮಧ್ಯದಲ್ಲೇ ಗಾಡಿ ಆಫ್ ಮಾಡುತ್ತಾ ಹೋದರೆ, ಉರಿಯದ ಡೀಸೆಲ್ ಸಿಲಿಂಡರಿನ ಗೋಡೆ ಇಳಿದು ಇಂಜಿನ್ ಆಯಿಲಿಗೆ ಸೇರುತ್ತದೆ. ಮೇಷ್ಟ್ರ ಗಾಡಿಯಲ್ಲಿ ಆಯಿಲ್ ಹೆಚ್ಚಿದ್ದೂ ಇದೇ ಡೀಸೆಲಿನಿಂದ, ಆದರೆ ಅಲ್ಲಿ ಅದನ್ನು ಸೇರಿಸಿದವರು ನಾವು, ಮೇಲಿಂದ ಮೇಲೆ ಬಲವಂತದ ರೀಜೆನ್ ಮಾಡಿ.

ಮಸಿ ಉರಿಯುತ್ತದೆ, ಬೂದಿ ಉರಿಯುವುದಿಲ್ಲ. ಈ ವ್ಯತ್ಯಾಸ ದಯವಿಟ್ಟು ನೆನಪಿಡಿ. ಇಂಜಿನ್ ಆಯಿಲಿನಲ್ಲಿರುವ ಕ್ಯಾಲ್ಸಿಯಂ, ಸತುವಿನಂಥ ಪದಾರ್ಥಗಳು ಆಯಿಲ್ ಜೊತೆ ಸುಟ್ಟು ಬೂದಿಯಾಗಿ ಫಿಲ್ಟರಿನ ತುದಿಯಲ್ಲಿ ಕೂರುತ್ತವೆ. ಎಷ್ಟು ರೀಜೆನ್ ಮಾಡಿದರೂ ಅವು ಹೋಗವು. ಲಕ್ಷ, ಒಂದೂವರೆ ಲಕ್ಷ ಕಿ.ಮೀ. ಓಡಿದ ಗಾಡಿಯಲ್ಲಿ ಸಮಸ್ಯೆ ಮಸಿಯದೋ ಬೂದಿಯದೋ ಎಂದು ಮೊದಲು ತಿಳಿಯಬೇಕು. ಬೂದಿ ತುಂಬಿದ್ದರೆ ಫಿಲ್ಟರ್ ಬಿಚ್ಚಿ ಯಂತ್ರದಲ್ಲಿ ಸ್ವಚ್ಛ ಮಾಡಿಸಬೇಕು. ಆ ಯಂತ್ರ ನಮ್ಮಲ್ಲಿಲ್ಲ, ಬೆಂಗಳೂರಿಗೆ ಕಳಿಸುತ್ತೇವೆ, ಮೂರ್ನಾಲ್ಕು ದಿನ ಹಿಡಿಯುತ್ತದೆ. ವಾಟರ್ ಸರ್ವಿಸ್ ಗನ್ ಹಿಡಿದು ಫಿಲ್ಟರ್ ತೊಳೆದು ತಂದವರೂ ಇದ್ದಾರೆ. ಒಳಗಿನ ಪಿಂಗಾಣಿ ಒಮ್ಮೆ ಒಡೆದರೆ ಅದಕ್ಕೆ ರಿಪೇರಿ ಇಲ್ಲ.

ಅರ್ಧ ದಿನ ಗಾಡಿ ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಕೇಳುವ ಹಕ್ಕು ನಿಮಗಿದೆ. ಮೊದಲು ನಿಮ್ಮನ್ನೇ ವಿಚಾರಿಸುತ್ತೇವೆ: ದಿನಕ್ಕೆ ಎಷ್ಟು ದೂರ, ಯಾವ ಆಯಿಲ್ ಹಾಕಿಸಿದ್ದು, ಈ ಲೈಟು ಹಿಂದೆ ಎಷ್ಟು ಸಲ ಬಂದಿತ್ತು, ಬೇರೆ ಯಾರಾದರೂ ಸ್ಕ್ಯಾನರ್ ಹಾಕಿದ್ದರಾ. ಕೊನೆಯ ಪ್ರಶ್ನೆ ಕೇಳಿದರೆ ಕೆಲವರು ಮುಖ ತಿರುಗಿಸುತ್ತಾರೆ. ಬೈಯಲು ಕೇಳುವುದಲ್ಲ. ಮಸಿ ಹಾಗೇ ಇರುವಾಗ ಯಾರಾದರೂ ಕಂಪ್ಯೂಟರಿನಲ್ಲಿ "ಹೊಸ ಫಿಲ್ಟರ್ ಹಾಕಿದೆ" ಎಂದು ಲೆಕ್ಕ ಸೊನ್ನೆ ಮಾಡಿಬಿಟ್ಟಿದ್ದರೆ ಲೈಟು ಆರುತ್ತದೆ, ಮಸಿ ಮಾತ್ರ ಅಲ್ಲೇ. ಹಾಗೆ ತುಂಬಿ ತುಳುಕುವ ಫಿಲ್ಟರಿಗೆ ಒಮ್ಮೆಲೇ ಬೆಂಕಿ ಹತ್ತಿದರೆ ಬಿಸಿ ಕೈಮೀರಿ ಪಿಂಗಾಣಿ ಕರಗುತ್ತದೆ, ಇಲ್ಲವೇ ಸೀಳುತ್ತದೆ.

ಆಮೇಲೆ ಒತ್ತಡದ ಸೆನ್ಸರ್. ಫಿಲ್ಟರಿನ ಮುಂದೊಂದು, ಹಿಂದೊಂದು ಸಣ್ಣ ರಬ್ಬರ್ ಪೈಪು ಬಂದು ಈ ಸೆನ್ಸರಿಗೆ ಸೇರುತ್ತವೆ. ಎರಡೂ ಕಡೆಯ ಒತ್ತಡದ ವ್ಯತ್ಯಾಸ ನೋಡಿ ಫಿಲ್ಟರ್ ಎಷ್ಟು ಕಟ್ಟಿದೆ ಎಂದು ಕಂಪ್ಯೂಟರು ಅಂದಾಜಿಸುತ್ತದೆ. ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದರೆ ಇದು ಸೊನ್ನೆಯ ಹತ್ತಿರ ಇರಬೇಕು. ಗಾಳಿಯೇ ಓಡದಿರುವಾಗ 20 ಮಿಲಿಬಾರ್ ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದರ್ಥ. ಫಿಲ್ಟರ್ ಚೆನ್ನಾಗಿಯೇ ಇರಬಹುದು. ಉಲ್ಟಾ ಕೂಡ ಆಗುತ್ತದೆ: ಮುಂದಿನ ಪೈಪು ಬಿರಿದು ಒತ್ತಡ ಸೋರಿದರೆ, ಕಟ್ಟಿಕೊಂಡ ಫಿಲ್ಟರನ್ನೂ ಕಂಪ್ಯೂಟರು ಖಾಲಿ ಎಂದುಕೊಳ್ಳುತ್ತದೆ. ಕೈಬೆರಳುದ್ದದ ರಬ್ಬರ್ ತುಂಡಿನ ದೋಷಕ್ಕೆ ಇಡೀ ಫಿಲ್ಟರ್ ಬದಲಿಸಲು ಎಸ್ಟಿಮೇಟ್ ಹಿಡಿದು ನಮ್ಮಲ್ಲಿಗೆ ಬಂದವರಿದ್ದಾರೆ. ಫಿಲ್ಟರಿನ ಬೆಲೆ ಕೇಳಿದವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ಗೊತ್ತು.

ಸೆನ್ಸರ್ ಸರಿಯಿದ್ದರೆ ರಸ್ತೆ ಪರೀಕ್ಷೆ. ಒಬ್ಬರು ಓಡಿಸುತ್ತಾರೆ, ಇನ್ನೊಬ್ಬರು ಲ್ಯಾಪ್‌ಟಾಪ್ ನೋಡುತ್ತಾರೆ. ಬಿಸಿಯಾದ ಇಂಜಿನ್ ಐಡಲ್‌ನಲ್ಲಿ ಈ ಒತ್ತಡ ಸಾಮಾನ್ಯವಾಗಿ ಕೆಲವೇ ಮಿಲಿಬಾರ್. ಏರು ಹತ್ತುವಾಗ ಏರುತ್ತದೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಇಳಿಯಬೇಕು. ಎಷ್ಟು ಏರಬಹುದು ಎಂಬುದು ಗಾಡಿಯಿಂದ ಗಾಡಿಗೆ ಬೇರೆ, ಆಯಾ ಕಂಪನಿಯ ಅಂಕಿಗೆ ಹೋಲಿಸುತ್ತೇವೆ. ನೀರಿನ ಬಿಸಿ, ಹೊಗೆಯ ಬಿಸಿ, ಹಿಂದಿನ ರೀಜೆನ್ ಆಗಿ ಎಷ್ಟು ಕಿಲೋಮೀಟರ್ ಆಯಿತು ಎಂಬುದೂ ಅದರಲ್ಲೇ ಕಾಣುತ್ತದೆ. ನೂರು ಕಿ.ಮೀ. ಓಡುವುದರೊಳಗೆ ಗಾಡಿ ಮತ್ತೆ ಮತ್ತೆ ರೀಜೆನ್ ಕೇಳುತ್ತಿದ್ದರೆ ಫಿಲ್ಟರಿನ ಕಡೆ ನೋಡುವುದು ಬಿಟ್ಟು ಮಸಿ ಎಲ್ಲಿಂದ ಇಷ್ಟು ಬರುತ್ತಿದೆ ಎಂದು ಹಿಂದಕ್ಕೆ ಹುಡುಕಬೇಕು: ಸೋರುವ ಇಂಜೆಕ್ಟರ್, ಸಿಕ್ಕಿಕೊಂಡ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ವಾಪಸ್ ಬಿಡುವುದು), ಟರ್ಬೋದಿಂದ ಬರುವ ಹೋಸು ಬಿರಿದದ್ದು, ಟರ್ಬೋ ಒಳಗೇ ಆಯಿಲ್ ಸೋರುವುದು. ಅರ್ಧ ದಿನದಲ್ಲಿ ಹೆಚ್ಚು ಹೊತ್ತು ಹೋಗುವುದು ಇಲ್ಲೇ.

ಇಷ್ಟೆಲ್ಲ ಆದಮೇಲೆ ನಿಮ್ಮ ಕೈಗೆ ಒಂದು ಹಾಳೆ ಕೊಡುತ್ತೇವೆ, ಅಂಕಿಗಳ ಸಮೇತ. ಅದನ್ನು ಹಿಡಿದು ಬೇರೆ ಗ್ಯಾರೇಜಿಗೆ ಹೋದರೂ ನಮಗೆ ಬೇಸರವಿಲ್ಲ. ತಪಾಸಣೆಯ ಹಣ ರಿಪೇರಿ ಬಿಲ್ಲಿನಲ್ಲಿ ಕಳೆಯದಿರುವುದೂ ಇದಕ್ಕೇ. ಪುಕ್ಕಟೆ ನೋಡಿದರೆ ಹೇಗಾದರೂ ಒಂದು ರಿಪೇರಿ ಹುಡುಕಿ ಹಣ ಹುಟ್ಟಿಸುವ ಆಸೆ ಯಾರಿಗಾದರೂ ಬರುತ್ತದೆ. ನಾವೂ ಮನುಷ್ಯರೇ.

ಎರಡು ಕೆಲಸಗಳನ್ನು ಇನ್ನು ಮುಂದೆ ಕೇಳಲೇಬೇಡಿ. ಒಂದು, ಸೆನ್ಸರಿನ ತೂತಿನಿಂದ ಕ್ಲೀನರ್ ಡಬ್ಬಿ ಸ್ಪ್ರೇ ಮಾಡಿ ಕಳಿಸುವುದು. ತಪಾಸಣೆಯಲ್ಲಿ ಅಗತ್ಯ ಕಂಡರೆ ನಾವೇ ಹೇಳುತ್ತೇವೆ. ಇನ್ನೊಂದು, ಫಿಲ್ಟರನ್ನೇ ಕಿತ್ತು ಖಾಲಿ ಪೈಪು ಕೂರಿಸಿ ಪ್ರೋಗ್ರಾಂ ಬದಲಿಸುವುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯನ್ನು ಹೀಗೆ ಬದಲಿಸುವುದನ್ನು ಒಪ್ಪುವುದಿಲ್ಲ. ಮಾಲಿನ್ಯದ ಮಿತಿ ಮೀರಿ ಓಡಿಸಿದರೆ 190(2)ರಲ್ಲಿ 10,000 ರೂಪಾಯಿವರೆಗೆ ದಂಡಕ್ಕೆ, ಜೈಲಿಗೂ ಅವಕಾಶವಿದೆ. ಕಾನೂನು ಬದಿಗಿಡಿ, ನಿಮ್ಮ ಹಿಂದೆ ಸ್ಕೂಟರಿನಲ್ಲಿ ಬರುವವರು ಆ ಮಸಿ ಕುಡಿಯುತ್ತಾರೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಸೈಲೆನ್ಸರ್ ತುದಿಯೊಳಗೆ ಬೆರಳಾಡಿಸಿ ನೋಡಿ (ತಣ್ಣಗಿದ್ದಾಗ!). ಫಿಲ್ಟರ್ ಸರಿಯಿರುವ ಗಾಡಿಯಲ್ಲಿ ಬೆರಳು ಕಪ್ಪಾಗುವುದು ಬಹಳ ಕಡಿಮೆ. ಕಾಡಿಗೆಯಂತೆ ಮೆತ್ತಿದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಅಲ್ಲಿಲ್ಲ.

ಈ ಪತ್ರ ಮುಖ್ಯವಾಗಿ 2020ರ ಏಪ್ರಿಲ್‌ನಿಂದೀಚೆಗೆ ಬಂದ ಬಿಎಸ್6 ಡೀಸೆಲ್ ಗಾಡಿಗಳವರಿಗೆ. ಮೊದಲು ಬಂದ ಗಾಡಿಗಳ ವಾರಂಟಿ ಮುಗಿಯುತ್ತಾ ಬಂದು ಈಗ ನಮ್ಮಂಥವರ ಶೆಡ್ಡಿಗೆ ಬರುತ್ತಿವೆ. ಅದಕ್ಕೂ ಹಳೆಯ ಡೀಸೆಲ್ ಕಾರುಗಳಲ್ಲಿ ಬಹುತೇಕವಕ್ಕೆ ಈ ಫಿಲ್ಟರೇ ಇಲ್ಲ. 2014ರ ಗಾಡಿ ತಂದು ಡಿಪಿಎಫ್ ಕ್ಲೀನ್ ಮಾಡಿ ಎಂದವರಿಗೆ ಟೀ ಕೊಟ್ಟು ಕಳಿಸಿದ್ದೇವೆ. ಇನ್ನು ಡಿಇಎಫ್ ಬೇರೆ, ಡಿಪಿಎಫ್ ಬೇರೆ. ಡಿಇಎಫ್ ಎಂದರೆ ಕೆಲವು ಗಾಡಿಗಳಿಗೆ ಬೇರೆ ಟ್ಯಾಂಕಿನಲ್ಲಿ ಹಾಕುವ ಯೂರಿಯಾ ದ್ರಾವಣ. ಅದು ಮಸಿ ತೆಗೆಯುವುದಿಲ್ಲ. ಡೀಸೆಲ್ ಟ್ಯಾಂಕಿಗೆ ಅದನ್ನು ಸುರಿಯಬೇಡಿ, ದಯವಿಟ್ಟು.

ಲೈಟು ಬಂದ ಕೂಡಲೇ ನಮ್ಮಲ್ಲಿಗೇ ಓಡಿಬರಬೇಕೆಂದೇನೂ ಇಲ್ಲ. ಬರೀ ಡಿಪಿಎಫ್ ಲೈಟು ಇದ್ದು, ಪಿಕಪ್ ಸರಿಯಿದ್ದು, ಇಂಜಿನ್ ಲೈಟು ಬಾರದಿದ್ದರೆ ಮೊದಲು ಆಯಿಲ್ ಕಡ್ಡಿ ನೋಡಿ. ಮೇಲಿನ ಗೆರೆಯೊಳಗಿದ್ದರೆ, ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇಟ್ಟುಕೊಂಡು ಹಾಸನದಿಂದ ಚನ್ನರಾಯಪಟ್ಟಣದವರೆಗೆ ಒಂದೇ ವೇಗದಲ್ಲಿ, ಒಂದು ಗೇರ್ ಕೆಳಗಿಟ್ಟು, ಎಲ್ಲೂ ಆಫ್ ಮಾಡದೆ ಹೋಗಿಬನ್ನಿ. ಎಷ್ಟೋ ಸಲ ಅಷ್ಟಕ್ಕೇ ಲೈಟು ಹೋಗುತ್ತದೆ, ಖರ್ಚು ಡೀಸೆಲಿನದು ಮಾತ್ರ. ಹೋಗದಿದ್ದರೆ, ಅಥವಾ ಪಿಕಪ್ ಬಿದ್ದಿದ್ದರೆ, ಎಳೆದಾಡಿ ಓಡಿಸಬೇಡಿ. ಫೋನ್ ಮಾಡಿ.

ಬರುವಾಗ ಹಿಂದಿನ ಆಯಿಲ್ ಬಿಲ್ಲು ತನ್ನಿ. ಅದರ ಮೇಲೆ ಎಸಿಇಎ ಸಿ3ಯಂಥ ಗುರುತಿದೆಯೋ, ನಿಮ್ಮ ಗಾಡಿಯ ಪುಸ್ತಕ ಕೇಳುವುದು ಅದನ್ನೇ ಹೌದೋ ಎಂದು ನೋಡಬೇಕು. ಬೂದಿ ಕಡಿಮೆ ಬಿಡುವ ಆಯಿಲ್ ಅದು. ಬಿಲ್ಲು ಕಳೆದುಹೋಗಿದ್ದರೆ ಡಬ್ಬದ ಫೋಟೋ ಸಾಕು. ತಪಾಸಣೆ ಸೋಮವಾರದಿಂದ ಶುಕ್ರವಾರದವರೆಗೆ, ದಿನಕ್ಕೆ ಎರಡೇ ಗಾಡಿ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಶನಿವಾರ ಎಂದಿನಂತೆ ಸರ್ವಿಸ್ ಮಾತ್ರ. ಈ ತಿಂಗಳು ರೀಜೆನ್‌ಗೆಂದು ಈಗಾಗಲೇ ಹೆಸರು ಬರೆಸಿದವರಿಗೆ ತಪಾಸಣೆಯ ಹಣ ಇಲ್ಲ, ಆದರೆ ಗಾಡಿ ಅರ್ಧ ದಿನ ಬಿಡಲೇಬೇಕು.

ಇಂತಿ ನಿಮ್ಮ,
ಗ್ಯಾರೇಜಿನವರು
ಹಾಸನ