ನಿರುದ್ಯೋಗದ ಅಂಕಿ ಮತ್ತು ಸಂಬಳವಿಲ್ಲದ ದುಡಿಮೆ

ಮಾನ್ಯರೇ,

ದೇಶದಲ್ಲಿ 15 ವರ್ಷ ಮೇಲ್ಪಟ್ಟವರ ನಿರುದ್ಯೋಗ ಪ್ರಮಾಣವು 2017–18ರಲ್ಲಿದ್ದ ಶೇ 6.0ರಿಂದ 2023–24ರಲ್ಲಿ ಶೇ 3.2ಕ್ಕೆ ಇಳಿದಿದೆ ಎಂದು ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆ (ಪಿಎಲ್‌ಎಫ್‌ಎಸ್‌) ಹೇಳುತ್ತದೆ. ಇದು ಇಡೀ ವರ್ಷದ ಸ್ಥಿತಿಯನ್ನು ಆಧರಿಸಿದ ಲೆಕ್ಕ; ವಾರದ ಲೆಕ್ಕ ಹಿಡಿದರೆ ಅದೇ 2023–24ರ ಪ್ರಮಾಣ ಶೇ 4.9. ಆ ವಾರದ ಲೆಕ್ಕದಲ್ಲೂ, ಹಿಂದಿನ ಏಳು ದಿನಗಳಲ್ಲಿ ಒಂದೇ ಒಂದು ಗಂಟೆ ದುಡಿದವರು ಉದ್ಯೋಗಸ್ಥರೇ ಆಗುತ್ತಾರೆ.

ಮನೆ ಮನೆಗೆ ಹೋಗಿ ಮಾಹಿತಿ ಕಲೆಹಾಕುವ ಈ ಸಮೀಕ್ಷೆಯನ್ನು ಸುಳ್ಳೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ, ಗಂಡನ ಕಿರಾಣಿ ಅಂಗಡಿಯಲ್ಲಿ ಬೇಳೆ ತೂಗಿ ಪೊಟ್ಟಣ ಕಟ್ಟುವ, ಕೈಗೆ ಬಿಡಿಗಾಸೂ ಸಿಗದ ಹೆಂಗಸು ಇಲ್ಲಿ ಸ್ವಯಂ ಉದ್ಯೋಗಿಗಳ ಸಾಲಿಗೆ ಸೇರುತ್ತಾಳೆ ಎಂಬುದು ಓದುಗರಿಗೆ ತಿಳಿದಿರಬೇಕು. ಇದೇ ಅವಧಿಯಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಯುವ ಇಲ್ಲವೇ ಕೆಲಸ ಹುಡುಕುವವರ ಪ್ರಮಾಣ ಶೇ 23.3ರಿಂದ ಶೇ 41.7ಕ್ಕೆ ಏರಿದ್ದರಲ್ಲಿ ಇಂಥವರ ಪಾಲು ಗಣನೀಯ.

ಭವಿಷ್ಯನಿಧಿ ಖಾತೆಗಳ ಏರಿಕೆಯನ್ನು ಹೊಸ ನೌಕರಿಗಳೆಂದು ಬಣ್ಣಿಸುವುದಂತೂ (ಭಾಷಣಗಳಲ್ಲಿ ಇದು ಮಾಮೂಲು) ಒಪ್ಪತಕ್ಕದ್ದಲ್ಲ. ಇಪ್ಪತ್ತನೆಯ ಕೆಲಸಗಾರ ಸೇರಿ ಸಂಸ್ಥೆಯೊಂದು ಕಾಯ್ದೆಯ ವ್ಯಾಪ್ತಿಗೆ ಬಂದಾಗ ಹಳಬರಿಗೂ ಖಾತೆ ತೆರೆಯಲಾಗುತ್ತದೆ. ಪ್ರತಿ ತಿಂಗಳ ನಿರುದ್ಯೋಗದ ಸುದ್ದಿಯ ಜೊತೆಗೆ, ಸಂಬಳ ಪಡೆಯುವವರೆಷ್ಟು, ಸಂಬಳವಿಲ್ಲದೆ ದುಡಿಯುವವರೆಷ್ಟು ಎಂಬುದನ್ನೂ ಪತ್ರಿಕೆಗಳು ಪ್ರಕಟಿಸಲಿ.

– ಓದುಗ, ದಾವಣಗೆರೆ